ನಾಟಕ ಬರೆಯಲು ಹೊರಟಿದ್ದ ಔಷಧ ಅಂಗಡಿ ಹುಡುಗ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಅತ್ತ ಕೆಂಗೇರಿವರೆಗೆ ಯಾವ ಮುಖ್ಯರಸ್ತೆಯಲ್ಲಿ ನಡೆದರೂ ಹೆಜ್ಜೆಗೊಂದು ಮೆಡಿಕಲ್ ಶಾಪ್. ಸಂಜೆ ಹೊತ್ತು ಕೌಂಟರ್ ಹಿಂದೆ ನಿಂತವರಲ್ಲಿ ಬಹಳಷ್ಟು ಜನ ನಮ್ಮದೇ ವಯಸ್ಸಿನವರು. ಡಿ.ಫಾರ್ಮ್‌ನ 500 ಗಂಟೆ ತರಬೇತಿ ತುಂಬಿಸುತ್ತಿರುವವರು, ಬಿ.ಫಾರ್ಮ್ ಓದುತ್ತಲೇ ಪಾರ್ಟ್‌ಟೈಮ್ ದುಡಿಯುವವರು, ಯಾವುದೋ ನೇಮಕಾತಿಗೆ ಅರ್ಜಿ ಹಾಕಿ ಫಲಿತಾಂಶ ಕಾಯುತ್ತಿರುವವರು. ಚೀಟಿ ನೋಡಿ ಮಾತ್ರೆ ಕತ್ತರಿಸಿ ಕೊಡುವ ಕೈ ಒಂದು ಕಡೆ, ಮನಸ್ಸು ಇನ್ನೊಂದು ಕಡೆ.

ಸುಮಾರು 190 ವರ್ಷಗಳ ಹಿಂದೆ ಫ್ರಾನ್ಸ್ ದೇಶದ ಲಿಯಾನ್ ನಗರದ ಹೊರವಲಯದಲ್ಲೂ ಇಂಥದ್ದೇ ಒಂದು ಅಂಗಡಿಯಲ್ಲಿ ಇಂಥದ್ದೇ ಒಬ್ಬ ಹುಡುಗನಿದ್ದ. ಹೆಸರು ಕ್ಲಾಡ್ ಬರ್ನಾರ್ಡ್. ಫಿಸಿಯಾಲಜಿ ಪುಸ್ತಕದಲ್ಲಿ ಹೋಮಿಯೊಸ್ಟಾಸಿಸ್ ಪಾಠ ಬರುವಾಗ ಒಂದೇ ಸಾಲಿನಲ್ಲಿ ಬಂದು ಹೋಗುವ ಹೆಸರು. ಪರೀಕ್ಷೆಗೆ ಅಷ್ಟು ಸಾಕು. ಆದರೆ ಈಗ ಔಷಧ ಕಂಪನಿಗಳಲ್ಲಿ ಹೊಸ ಮಾತೊಂದು ಕೇಳಿಬರುತ್ತಿದೆ: ಆರ್ಗನ್ ಆನ್ ಎ ಚಿಪ್. ಮನುಷ್ಯನ ಜೀವಕೋಶಗಳನ್ನು ಬೆರಳುದ್ದದ ಪಾರದರ್ಶಕ ಪಟ್ಟಿಯೊಳಗೆ ಬೆಳೆಸಿ, ಹೊಸ ಔಷಧವನ್ನು ನಮ್ಮ ಅಂಗಾಂಶ ಹೇಗೆ ಒಡೆದು ಬದಲಾಯಿಸುತ್ತದೆ ಎಂದು ದೇಹದ ಹೊರಗೇ ನೋಡುವ ಸಾಧನ. ಆ ಆಲೋಚನೆಯ ಬೇರು ಹುಡುಕಿಕೊಂಡು ಹೋದರೆ ಈ ಬರ್ನಾರ್ಡ್‌ನ ಕತ್ತಲ ನೆಲಮಾಳಿಗೆ ಸಿಗುತ್ತದೆ. ಅಲ್ಲೇ ಒಂದು ಒಡೆದ ಸಂಸಾರವೂ ಸಿಗುತ್ತದೆ.

ಹುಟ್ಟಿದ್ದು 1813ರ ಜುಲೈ 12, ಬೋಜೊಲೆ ಸೀಮೆಯ ಸೇಂಟ್ ಜೂಲಿಯನ್ ಎಂಬ ಹಳ್ಳಿಯಲ್ಲಿ. ಅಪ್ಪ ದ್ರಾಕ್ಷಿ ಬೆಳೆಗಾರ. ಮನೆಯಲ್ಲಿ ದುಡ್ಡು ಅಷ್ಟಕ್ಕಷ್ಟೆ. ಊರಿನ ಪಾದ್ರಿ ಲ್ಯಾಟಿನ್ ಕಲಿಸಿದರು, ಆಮೇಲೆ ಹತ್ತಿರದ ಊರುಗಳ ಶಾಲೆಗಳಲ್ಲಿ ಓದು. ಆ ಓದಿನಲ್ಲಿ ವಿಜ್ಞಾನ ಇರಲಿಲ್ಲ ಎಂದೇ ಹೇಳಬೇಕು. ಓದು ಅಲ್ಲಿಗೇ ನಿಂತಿತು. 1832ರಲ್ಲಿ, ಹತ್ತೊಂಬತ್ತು ತುಂಬುವ ಮೊದಲೇ, ಲಿಯಾನ್ ಪಕ್ಕದ ವೇಜ್ ಎಂಬಲ್ಲಿನ ಔಷಧ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಕೊಂಡ. ಗುಡಿಸುವುದು, ಸೀಸೆ ತೊಳೆಯುವುದು, ಔಷಧ ಅರೆಯುವುದು, ಹತ್ತಿರದ ಪಶುವೈದ್ಯ ಶಾಲೆಗೆ ಔಷಧ ಮುಟ್ಟಿಸಿ ಬರುವುದು.

ಆ ಅಂಗಡಿಯಲ್ಲಿ ಅತಿ ಹೆಚ್ಚು ಖರ್ಚಾಗುತ್ತಿದ್ದ ಮದ್ದು ಥೀರಿಯಾಕ್. ಅಫೀಮು, ಹಾವಿನ ಮಾಂಸ ಸೇರಿ ಅರವತ್ತಕ್ಕೂ ಮಿಕ್ಕಿ ವಸ್ತುಗಳನ್ನು ಕಲಸಿ ಮಾಡುತ್ತಿದ್ದ, ಶತಮಾನಗಳಿಂದ ನಡೆದು ಬಂದಿದ್ದ ಸರ್ವರೋಗ ನಿವಾರಕ ಲೇಹ್ಯ ಅದು. ಕೆಟ್ಟುಹೋದ ಔಷಧ, ತಳದಲ್ಲಿ ಉಳಿದ ಚೂರುಪಾರು ಏನೇ ಇದ್ದರೂ ಬಿಸಾಡಬೇಡ, ಥೀರಿಯಾಕ್ ಡಬ್ಬಕ್ಕೆ ಹಾಕು ಎಂಬುದು ಯಜಮಾನರ ಕಟ್ಟಪ್ಪಣೆಯಾಗಿತ್ತಂತೆ. ಪ್ರತಿಸಲವೂ ಬೇರೆ ಬೇರೆ ಕಸ ಬಿದ್ದರೂ ಗಿರಾಕಿಗಳು ಅದೇ ನಂಬಿಕೆಯಿಂದ ಕೊಂಡು ಹೋಗುತ್ತಿದ್ದರು. ಔಷಧ ಎಂಬುದರ ಮೇಲೆ ಅವನಿಗೆ ಮೊದಲ ಅನುಮಾನ ಹುಟ್ಟಿದ್ದು ಇಲ್ಲಿ. ಒಳಗೆ ಹೋದದ್ದು ಏನು, ಹೋಗಿ ಮಾಡಿದ್ದೇನು? ಈ ಎರಡು ಪ್ರಶ್ನೆ ಜೀವನವಿಡೀ ಅವನನ್ನು ಬಿಡಲಿಲ್ಲ.

ಆದರೆ ಆಗ ಅವನ ತಲೆಯಲ್ಲಿ ತುಂಬಿದ್ದು ನಾಟಕ. ಬಿಡುವಿದ್ದಾಗಲೆಲ್ಲ ರಂಗಮಂದಿರದ ಕಡೆ ಓಡುತ್ತಿದ್ದ. ಒಂದು ಹಗುರ ಹಾಸ್ಯನಾಟಕ ಬರೆದ, ಅದು ಲಿಯಾನ್‌ನಲ್ಲಿ ರಂಗವೇರಿ ತುಸು ಹೆಸರೂ ಬಂತು. ಧೈರ್ಯ ಬಂದು ಐದು ಅಂಕದ ಐತಿಹಾಸಿಕ ನಾಟಕ ಬರೆದು, 1834ರಲ್ಲಿ ಆ ಹಸ್ತಪ್ರತಿ ಕಟ್ಟಿಕೊಂಡು ಪ್ಯಾರಿಸ್‌ಗೆ ಹೊರಟ. ಗಾಂಧಿನಗರಕ್ಕೆ ಸ್ಕ್ರಿಪ್ಟ್ ಹಿಡಿದು ಹೋಗುವ ನಮ್ಮ ಗೆಳೆಯರ ಹಾಗೆಯೇ. ಕೈಯಲ್ಲಿ ಆ ಕಾಲದ ದೊಡ್ಡ ವಿಮರ್ಶಕ ಸೇಂಟ್ ಮಾರ್ಕ್ ಜಿರಾರ್ಡಿನ್ ಅವರಿಗೊಂದು ಪರಿಚಯ ಪತ್ರ. ಜಿರಾರ್ಡಿನ್ ನಾಟಕ ಓದಿದರು. ಸಾಹಿತ್ಯ ನಂಬಿ ಹೊಟ್ಟೆ ಹೊರೆಯುವುದು ಕಷ್ಟ, ಔಷಧದ ಕೆಲಸ ಗೊತ್ತಿದೆಯಲ್ಲ, ವೈದ್ಯಕೀಯ ಓದು, ಬಿಡುವಿನಲ್ಲಿ ಬರೆ ಎಂಬ ಅರ್ಥದ ಸಲಹೆ ಕೊಟ್ಟು ಕಳಿಸಿದರು. ಮನೆಯ ಹಿರಿಯರು ಎಲ್ಲ ಕಾಲದಲ್ಲೂ ಹೇಳುವ ಮಾತು. ಈ ಒಂದು ಸಲ ಅದು ಸರಿಯಾಯಿತು.

ವೈದ್ಯಕೀಯ ಓದಿನಲ್ಲಿ ಅವನು ಮಿಂಚಿದನೇ? ಇಲ್ಲ. 1839ರಲ್ಲಿ ಆಸ್ಪತ್ರೆಯ ಇಂಟರ್ನ್ ಹುದ್ದೆಗೆ ನಡೆದ ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಆಯ್ಕೆಯಾದ 29 ಜನರಲ್ಲಿ ಅವನದು 26ನೇ ಸ್ಥಾನ. ಪಾಠ ಕೇಳುವುದರಲ್ಲಿ ಮಂದ, ಮಾತು ಕಡಿಮೆ. ಕೈಕೆಲಸದಲ್ಲಿ ಮಾತ್ರ ಚುರುಕು. ಕಾಲೇಜ್ ಡಿ ಫ್ರಾನ್ಸ್‌ನಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಫ್ರಾನ್ಸ್ವಾ ಮಜೆಂಡಿ ಅವರ ಕಣ್ಣಿಗೆ ಈ ಕೈಚಳಕ ಬಿತ್ತು. 1841ರಲ್ಲಿ ಅವನನ್ನು ಪ್ರಯೋಗಾಲಯದ ಸಹಾಯಕನಾಗಿ ತೆಗೆದುಕೊಂಡರು. ಎಂ.ಡಿ. ಪದವಿ 1843ರಲ್ಲಿ ಸಿಕ್ಕಿತು. ಮರುವರ್ಷ ಬೋಧಕ ಹುದ್ದೆಯ ಪರೀಕ್ಷೆಗೆ ಕೂತು ಫೇಲಾದ. ಸಂಬಳವಿಲ್ಲ, ಸ್ವಂತ ಪ್ರಯೋಗಾಲಯ ಇಲ್ಲ. ಎಲ್ಲ ಬಿಟ್ಟು ಹಳ್ಳಿಗೆ ಹೋಗಿ ಡಾಕ್ಟರಿಕೆ ಮಾಡಿಕೊಂಡಿರೋಣ ಎಂದುಕೊಂಡಾಗ ವಯಸ್ಸು ಮೂವತ್ತು ದಾಟಿತ್ತು.

ಆಗ ಗೆಳೆಯರು ಒಂದು ದಾರಿ ಹುಡುಕಿದರು: ಮದುವೆ. 1845ರಲ್ಲಿ ಪ್ಯಾರಿಸ್‌ನ ವೈದ್ಯರೊಬ್ಬರ ಮಗಳು ಫ್ಯಾನಿ ಮಾರ್ಟಿನ್ ಜೊತೆ ಮದುವೆಯಾಯಿತು. ಅವಳು ತಂದ ವರದಕ್ಷಿಣೆಯ ಹಣದಲ್ಲಿ ಪ್ರಯೋಗ ಮುಂದುವರಿಯಿತು. ವರದಕ್ಷಿಣೆ ನಮ್ಮಲ್ಲಿ ಮಾತ್ರ ಎಂದುಕೊಂಡವರು ಗಮನಿಸಬೇಕು. ಆಧುನಿಕ ಶರೀರಕ್ರಿಯಾ ವಿಜ್ಞಾನದ ಮೊದಲ ಸಂಶೋಧನಾ ಅನುದಾನ ಕೊಟ್ಟದ್ದು ಯಾವ ಸರ್ಕಾರವೂ ಅಲ್ಲ, ಫ್ಯಾನಿಯ ಅಪ್ಪ. ಆ ಹಣ ಯಾವ ಕೆಲಸಕ್ಕೆ ಹೋಗುತ್ತದೆ ಎಂದು ಫ್ಯಾನಿಗೆ ತಿಳಿಯಲು ಬಹಳ ದಿನ ಬೇಕಾಗಲಿಲ್ಲ.

ಇಲ್ಲಿಂದ ಮುಂದೆ ಬರ್ನಾರ್ಡ್ ಅವರನ್ನು ಬಹುವಚನದಲ್ಲೇ ಕರೆಯಬೇಕು. ಒಂದರ ಹಿಂದೆ ಒಂದು ಶೋಧ ಬಂದದ್ದು ಈ ವರ್ಷಗಳಲ್ಲೇ.

1846ರಲ್ಲಿ ಪೇಟೆಯಿಂದ ತಂದ ಮೊಲಗಳು ಮೇಜಿನ ಮೇಲೆ ಮೂತ್ರ ಮಾಡಿದವು. ಹುಲ್ಲು ತಿನ್ನುವ ಪ್ರಾಣಿಯ ಮೂತ್ರ ಮಬ್ಬಾಗಿರಬೇಕು, ಇದು ಮಾಂಸಾಹಾರಿಯದರ ಹಾಗೆ ತಿಳಿಯಾಗಿತ್ತು. ಬೇರೆಯವರಾದರೆ ಒರೆಸಿ ಹಾಕುತ್ತಿದ್ದರು. ಬರ್ನಾರ್ಡ್ ನಿಂತು ಯೋಚಿಸಿದರು. ಮೊಲಗಳು ಹಸಿದಿವೆ, ಹಸಿದ ದೇಹ ತನ್ನದೇ ಮಾಂಸವನ್ನು ಕರಗಿಸಿ ಬದುಕುತ್ತಿದೆ, ಅಂದರೆ ಹಸಿದ ಮೊಲವೂ ಒಂದು ರೀತಿಯಲ್ಲಿ ಮಾಂಸಾಹಾರಿಯೇ. ಹುಲ್ಲು ಕೊಟ್ಟರು, ಮೂತ್ರ ಮಬ್ಬಾಯಿತು. ಉಪವಾಸ ಕೆಡವಿದರು, ಮತ್ತೆ ತಿಳಿಯಾಯಿತು. ಮಾಂಸ ತಿನ್ನಿಸಿದರು, ತಿಳಿಯಾಗಿಯೇ ಉಳಿಯಿತು. ಅದೇ ಮೊಲಗಳನ್ನು ಕೊಯ್ದು ನೋಡುವಾಗ ಕರುಳಿನ ಯಾವ ಜಾಗದಿಂದ ಕೊಬ್ಬು ಹಾಲಿನ ಬಣ್ಣದಲ್ಲಿ ಹೀರಲ್ಪಡುತ್ತಿದೆ ಎಂಬುದು ಕಣ್ಣಿಗೆ ಬಿತ್ತು. ಅದು ಮೇದೋಜೀರಕ ಗ್ರಂಥಿಯ ರಸ ಬಂದು ಸೇರುವ ಜಾಗ. ಕೊಬ್ಬನ್ನು ಅರಗಿಸುವುದರಲ್ಲಿ ಆ ರಸದ ಪಾತ್ರ ಗೊತ್ತಾದದ್ದು ಹೀಗೆ.

ಇನ್ನು ಲಿವರ್. ನಮ್ಮ ಕಥೆಯ ಮುಖ್ಯ ಅಂಗ.

ಆ ಕಾಲದ ನಂಬಿಕೆ ಏನೆಂದರೆ, ಸಕ್ಕರೆಯನ್ನು ತಯಾರಿಸುವುದು ಗಿಡಗಳು, ಪ್ರಾಣಿಗಳು ಅದನ್ನು ತಿಂದು ಸುಡುತ್ತವೆ ಅಷ್ಟೆ. ಬರ್ನಾರ್ಡ್ ಮಾಡಿದ್ದು ಸರಳ ಲೆಕ್ಕ. ಅಂಗದ ಒಳಗೆ ಹೋಗುವ ರಕ್ತದಲ್ಲಿ ಏನಿದೆ, ಹೊರಗೆ ಬರುವ ರಕ್ತದಲ್ಲಿ ಏನಿದೆ ಎಂದು ಅಳೆಯುವುದು. ಬರೀ ಮಾಂಸ ತಿಂದ ನಾಯಿಯ ಕರುಳಿನಿಂದ ಲಿವರ್‌ಗೆ ಹೋಗುವ ರಕ್ತದಲ್ಲಿ ಸಕ್ಕರೆ ಇರಲಿಲ್ಲ. ಲಿವರ್‌ನಿಂದ ಹೃದಯದ ಕಡೆ ಹೊರಟ ರಕ್ತದಲ್ಲಿ ಧಾರಾಳವಾಗಿತ್ತು. ಅಂದರೆ ನಡುವೆ ಕೂತ ಅಂಗವೇ ಸಕ್ಕರೆ ತಯಾರಿಸುತ್ತಿದೆ. ಇದು 1848ರ ಮಾತು. ಬಹಳ ಜನ ಒಪ್ಪಲಿಲ್ಲ, ವರ್ಷಗಟ್ಟಲೆ ಜಗಳ ನಡೆಯಿತು.

1855ರಲ್ಲಿ ಆದದ್ದನ್ನು ಪ್ರಾಕ್ಟಿಕಲ್ ಪರೀಕ್ಷೆಗೆ ಕೂರುವ ಪ್ರತಿಯೊಬ್ಬರೂ ಓದಬೇಕು. ಬರ್ನಾರ್ಡ್ ಒಂದೇ ಲಿವರ್‌ನ ಸಕ್ಕರೆಯನ್ನು ಎರಡು ಸಲ ಅಳೆಯುವ ಅಭ್ಯಾಸ ಇಟ್ಟುಕೊಂಡಿದ್ದರು. ನಾವು ಟೈಟ್ರೇಷನ್‌ನಲ್ಲಿ ಕನ್‌ಕಾರ್ಡೆಂಟ್ ವ್ಯಾಲ್ಯೂ ಎಂದು ಒದ್ದಾಡುತ್ತೇವಲ್ಲ, ಹಾಗೆ. ಒಂದು ದಿನ ಸಮಯ ಸಾಲದೆ ಎರಡನೇ ಅಳತೆಯನ್ನು ಮರುದಿನಕ್ಕೆ ಬಿಟ್ಟರು. ಮರುದಿನದ ಅಂಕಿ ಬಹಳ ಹೆಚ್ಚು ಬಂತು. ನಮ್ಮ ರೆಕಾರ್ಡ್ ಪುಸ್ತಕದಲ್ಲಾದರೆ ಆ ಅಂಕಿ ಬೆಳಗಾಗುವುದರೊಳಗೆ ಮೊದಲ ಅಂಕಿಯ ಪಕ್ಕಕ್ಕೆ ಬಂದು ಕೂತಿರುತ್ತಿತ್ತು! ಬರ್ನಾರ್ಡ್ ತಿದ್ದಲಿಲ್ಲ. ಸತ್ತ ಲಿವರ್ ರಾತ್ರಿಯಿಡೀ ಏನು ಮಾಡುತ್ತಿತ್ತು ಎಂದು ಕೇಳಿಕೊಂಡರು.

ಉತ್ತರಕ್ಕಾಗಿ ಅವರು ಮಾಡಿದ ಪ್ರಯೋಗಕ್ಕೆ ತೊಳೆದ ಲಿವರ್ ಪ್ರಯೋಗ ಎಂದೇ ಹೆಸರು. ನಾಯಿಯ ಲಿವರ್ ಹೊರತೆಗೆದು, ಅದರ ರಕ್ತನಾಳಕ್ಕೆ ಕೊಳವೆ ಸಿಕ್ಕಿಸಿ, ನಲ್ಲಿಯ ತಣ್ಣೀರನ್ನು ನಲವತ್ತು ನಿಮಿಷ ಹರಿಸಿದರು. ರಕ್ತವೆಲ್ಲ ತೊಳೆದು ಹೋಗಿ, ಹೊರಬರುವ ನೀರಿನಲ್ಲಿ ಸಕ್ಕರೆಯ ಸುಳಿವೇ ಇಲ್ಲದಂತಾಯಿತು. ಆ ಲಿವರನ್ನು ಹಾಗೇ ಇಟ್ಟು ಮರುದಿನ ನೋಡಿದರೆ ಮತ್ತೆ ಸಕ್ಕರೆ ತುಂಬಿಕೊಂಡಿತ್ತು. ನಾಯಿ ಸತ್ತು ಇಪ್ಪತ್ತನಾಲ್ಕು ಗಂಟೆ ಕಳೆದಿದೆ, ರಕ್ತವಿಲ್ಲ, ನರದ ಅಪ್ಪಣೆಯಿಲ್ಲ. ಅಂಗ ಮಾತ್ರ ತನ್ನ ಪಾಡಿಗೆ ತನ್ನ ರಸಾಯನಶಾಸ್ತ್ರ ನಡೆಸುತ್ತಿದೆ. ಲಿವರ್ ಸಕ್ಕರೆಯನ್ನು ಬೇರೊಂದು ರೂಪದಲ್ಲಿ ಕೂಡಿಟ್ಟುಕೊಂಡಿರುತ್ತದೆ ಎಂದು ಇದರಿಂದ ತಿಳಿಯಿತು. ಎರಡು ವರ್ಷದ ನಂತರ ಆ ಕೂಡಿಟ್ಟ ವಸ್ತುವನ್ನೇ ಬೇರ್ಪಡಿಸಿ ತೆಗೆದರು. ಅದೇ ಗ್ಲೈಕೋಜೆನ್.

ಈಗಿನ ಲಿವರ್ ಚಿಪ್ ಮಾಡುವುದೂ ಮೂಲದಲ್ಲಿ ಇದನ್ನೇ. ಒಂದು ಪೆನ್‌ಡ್ರೈವ್‌ನಷ್ಟು ದೊಡ್ಡದಾದ, ಸಿಲಿಕೋನ್ ರಬ್ಬರಿನ ಪಾರದರ್ಶಕ ತುಂಡು. ಒಳಗೆ ಕೂದಲೆಳೆಯಂಥ ಕಾಲುವೆಗಳು, ನಡುವೆ ಸಣ್ಣ ರಂಧ್ರಗಳಿರುವ ತೆಳು ಪೊರೆ. ಪೊರೆಯ ಒಂದು ಬದಿಗೆ ಮನುಷ್ಯನ ಲಿವರ್ ಕೋಶಗಳು, ಇನ್ನೊಂದು ಬದಿಗೆ ರಕ್ತನಾಳದ ಒಳಗೋಡೆಯ ಕೋಶಗಳು. ರಕ್ತದ ಬದಲು ಪೋಷಕ ದ್ರವ ಸದಾ ಹರಿಯುತ್ತಿರುತ್ತದೆ. ಆ ದ್ರವದಲ್ಲಿ ಔಷಧ ಬೆರೆಸಿ ಬಿಡುತ್ತಾರೆ, ಇನ್ನೊಂದು ತುದಿಯಲ್ಲಿ ಹೊರಬಂದದ್ದನ್ನು ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಹಾಕಿ ಅಳೆಯುತ್ತಾರೆ. ಒಳಗೆ ಹೋದದ್ದೇನು, ಹೊರಗೆ ಬಂದದ್ದೇನು ಎಂಬ ಅದೇ ಹಳೆಯ ಲೆಕ್ಕ. ಹರಿವು ಯಾಕೆ ಮುಖ್ಯ ಎಂದರೆ, ಲಿವರ್ ಕೋಶಗಳನ್ನು ಸುಮ್ಮನೆ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿದರೆ ಕೆಲವೇ ದಿನಗಳಲ್ಲಿ ಅವು ತಮ್ಮ ಕೆಲಸ ಮರೆಯುತ್ತವೆ. ಔಷಧ ಒಡೆಯುವ ಸೈಟೊಕ್ರೋಮ್ ಪಿ450 ಎಂಬ ಕಿಣ್ವಗಳ ಗುಂಪು ಅವುಗಳಲ್ಲಿ ಕುಗ್ಗಿಹೋಗುತ್ತದೆ. ಜೀವಕೋಶ ನೆಮ್ಮದಿಯಿಂದ ಕೆಲಸ ಮಾಡಬೇಕಾದರೆ ಅದರ ಸುತ್ತಲಿನ ದ್ರವ ಹದವಾಗಿರಬೇಕು. ಈ ಒಳ ಪರಿಸರದ ವಿಚಾರವನ್ನು ಮೊದಲು ಹೇಳಿದವರೂ ಬರ್ನಾರ್ಡ್ ಅವರೇ. ಪುಸ್ತಕದ ಆ ಒಂದು ಸಾಲಿನಲ್ಲಿ ಅವರ ಹೆಸರು ಇರುವುದು ಇದಕ್ಕಾಗಿ.

ಅವರ ಇನ್ನೊಂದು ದೊಡ್ಡ ಕೆಲಸ ಕುರಾರೆ ವಿಷದ ಮೇಲೆ. ದಕ್ಷಿಣ ಅಮೆರಿಕದ ಮೂಲನಿವಾಸಿಗಳು ಬಾಣದ ತುದಿಗೆ ಹಚ್ಚುವ ವಿಷ ಅದು, ತಾಗಿದ ಪ್ರಾಣಿ ಸದ್ದಿಲ್ಲದೆ ಕುಸಿದು ಸಾಯುತ್ತದೆ. ಬರ್ನಾರ್ಡ್ ಒಂದು ಕಪ್ಪೆಯ ಹಿಂಗಾಲುಗಳಿಗೆ ರಕ್ತ ಹೋಗದಂತೆ ದಾರ ಬಿಗಿದರು, ನರಗಳನ್ನು ಮಾತ್ರ ಹಾಗೇ ಬಿಟ್ಟರು. ಮುಂಭಾಗಕ್ಕೆ ವಿಷ ಚುಚ್ಚಿದರು. ಮುಂಭಾಗ ಪೂರ್ತಿ ಜಡವಾಯಿತು. ಆ ಜಡ ಭಾಗದ ಚರ್ಮ ಚಿವುಟಿದಾಗ ವಿಷ ತಲುಪದ ಹಿಂಗಾಲು ಒದ್ದುಕೊಂಡಿತು! ಅಂದರೆ ಚಿವುಟಿದ ಸುದ್ದಿ ಒಳಗೆ ಹೋಗುತ್ತಿದೆ. ಸ್ನಾಯು ಸತ್ತಿಲ್ಲ, ಅರಿವಿನ ನರ ಸತ್ತಿಲ್ಲ, ಚಲಿಸು ಎಂಬ ಅಪ್ಪಣೆ ನರದಿಂದ ಸ್ನಾಯುವಿಗೆ ದಾಟುವ ಜಾಗದಲ್ಲಷ್ಟೇ ವಿಷ ಕೂತಿದೆ. ಒಂದು ವಸ್ತು ದೇಹದ ಯಾವ ಜಾಗದಲ್ಲಿ ಕೆಲಸ ಮಾಡುತ್ತದೆ ಎಂದು ಇಷ್ಟು ಖಚಿತವಾಗಿ ಬೆರಳಿಟ್ಟು ತೋರಿಸಿದ್ದು ಔಷಧ ವಿಜ್ಞಾನದಲ್ಲಿ ದೊಡ್ಡ ತಿರುವು. ಇವತ್ತು ಆಪರೇಷನ್ ಥಿಯೇಟರ್‌ಗಳಲ್ಲಿ ಅರಿವಳಿಕೆಯ ಜೊತೆಗೆ ಸ್ನಾಯು ಸಡಿಲಿಸಲು ಕೊಡುವ ಹಲವು ಔಷಧಗಳು ಅದೇ ಜಾಗದಲ್ಲಿ ಕೆಲಸ ಮಾಡುತ್ತವೆ.

ಆದರೆ ಆ ಕಪ್ಪೆ ಹೇಳಿದ್ದನ್ನು ಇನ್ನೊಮ್ಮೆ ಯೋಚಿಸಿ. ಕುರಾರೆ ಕೊಟ್ಟ ಪ್ರಾಣಿ ಅಲುಗಾಡುವುದಿಲ್ಲ, ಕೂಗುವುದಿಲ್ಲ, ನೋವು ಮಾತ್ರ ಪೂರ್ತಿ ಗೊತ್ತಾಗುತ್ತದೆ. ಇದನ್ನು ಸಾಬೀತು ಮಾಡಿದವರು ಬರ್ನಾರ್ಡ್. ಆ ಕಾಲದ ಪ್ರಯೋಗಾಲಯಗಳಲ್ಲಿ ಪ್ರಾಣಿ ಅಲುಗಾಡದಿರಲಿ ಎಂದು ಬಳಸುತ್ತಿದ್ದದ್ದೂ ಕುರಾರೆಯನ್ನೇ. 1876ರಲ್ಲಿ ಬ್ರಿಟನ್ ಪ್ರಾಣಿ ಪ್ರಯೋಗಗಳಿಗೆ ಕಡಿವಾಣ ಹಾಕುವ ಕಾನೂನು ಮಾಡಿದಾಗ, ಕುರಾರೆಯನ್ನು ಅರಿವಳಿಕೆ ಎಂದು ಲೆಕ್ಕಕ್ಕೆ ಹಿಡಿಯಬಾರದು ಎಂದು ಅದರಲ್ಲೇ ಬರೆಯಬೇಕಾಯಿತು.

ಬರ್ನಾರ್ಡ್ ಅವರ ನೆಲಮಾಳಿಗೆಗೆ ಬರುತ್ತಿದ್ದದ್ದು ಬಹುಪಾಲು ಬೀದಿನಾಯಿಗಳು. ಒಂದು ಸಲ ಹೊಟ್ಟೆಗೆ ಬೆಳ್ಳಿಯ ಕೊಳವೆ ಸಿಕ್ಕಿಸಿದ್ದ ನಾಯಿಯೊಂದು ತಪ್ಪಿಸಿಕೊಂಡು ಓಡಿತು. ನೋಡಿದರೆ ಅದು ಆ ಬಡಾವಣೆಯ ಪೊಲೀಸ್ ಕಮಿಷನರ್ ಮನೆಯ ನಾಯಿ. ಕರೆ ಬಂತು. ಬರ್ನಾರ್ಡ್ ಹೋಗಿ ತಗ್ಗಿ ಬಗ್ಗಿ ಎಲ್ಲ ವಿವರಿಸಿದರು. ನಾಯಿ ಬದುಕಿಕೊಂಡಿತು, ಕಮಿಷನರ್ ಸಮಾಧಾನಗೊಂಡರು, ಅಲ್ಲಿಂದ ಮುಂದೆ ಅವರೇ ಪ್ರಯೋಗಾಲಯಕ್ಕೆ ರಕ್ಷಣೆ ಕೊಟ್ಟರು. ಈ ಕಥೆಯನ್ನು ಪುಸ್ತಕಗಳು ನಗೆಹನಿಯ ಹಾಗೆ ಹೇಳುತ್ತವೆ. ಯಜಮಾನರೇ ಇಲ್ಲದ ನಾಯಿಗಳ ಪರವಾಗಿ ಯಾರೂ ಕರೆ ಕಳಿಸಲಿಲ್ಲ ಎಂಬುದು ಅದೇ ಕಥೆಯ ಇನ್ನೊಂದು ಮುಖ.

ಕರೆ ಕಳಿಸಿದವರು ಮನೆಯೊಳಗೇ ಇದ್ದರು. ಫ್ಯಾನಿಗೆ ಗಂಡನ ಕೆಲಸ ಸಹಿಸಲಾಗಲಿಲ್ಲ. ಇಬ್ಬರು ಹೆಣ್ಣುಮಕ್ಕಳೂ ಅಮ್ಮನ ಪಕ್ಷ. ಗಂಡುಮಕ್ಕಳು ಕೂಸುಗಳಾಗಿದ್ದಾಗಲೇ ತೀರಿಹೋಗಿದ್ದರು. ಜೀವಂತ ಪ್ರಾಣಿಗಳನ್ನು ಕೊಯ್ಯುವುದನ್ನು ವಿರೋಧಿಸುವವರ ಜೊತೆ ಫ್ಯಾನಿ ನಿಂತರು, ಹಣವನ್ನೂ ಕೊಟ್ಟರು. ಬೀದಿನಾಯಿಗಳನ್ನು ಕಾಪಾಡುವುದು ತಾಯಿ ಮಕ್ಕಳ ವ್ರತವಾಯಿತು. ಗಂಡ ಹೆಂಡತಿ ಕೊನೆಗೆ ಬೇರೆಯಾದರು.

ಬರ್ನಾರ್ಡ್ ಜೀವನ ಚರಿತ್ರೆಗಳಲ್ಲಿ ಫ್ಯಾನಿ ಬರುವುದು ವಿಜ್ಞಾನ ಅರ್ಥವಾಗದ, ಜಗಳಗಂಟಿ ಹೆಂಡತಿಯಾಗಿ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಸಕ್ಕರೆ ಕಾಯಿಲೆಯ ತಿಳಿವಳಿಕೆ ಈ ನಾಯಿಗಳ ಮೇಲೆ ನಿಂತಿದೆ, ನಮ್ಮ ಅಜ್ಜಿಯರ ಸಂಜೆಯ ಮಾತ್ರೆಯ ಹಿಂದೆ ಆ ನೆಲಮಾಳಿಗೆ ಇದೆ. ಅದನ್ನು ಅಲ್ಲಗಳೆದರೆ ಸುಳ್ಳಾಗುತ್ತದೆ. ಆದರೆ ಬೇರೆ ದಾರಿ ಇದೆಯೇ ಎಂಬ ಫ್ಯಾನಿಯ ಪ್ರಶ್ನೆ ತಪ್ಪಾಗಿರಲಿಲ್ಲ. ಆ ಕಾಲದಲ್ಲಿ ಅದಕ್ಕೆ ಉತ್ತರ ಇರಲಿಲ್ಲ ಅಷ್ಟೆ. ಉತ್ತರದ ಒಂದು ತುಂಡು ಗಂಡನ ಮೇಜಿನ ಮೇಲೆಯೇ ಇತ್ತು, ದೇಹದಿಂದ ಬೇರೆಯಾಗಿಯೂ ಕೆಲಸ ನಿಲ್ಲಿಸದ ಆ ತೊಳೆದ ಲಿವರ್. ಇಬ್ಬರಿಗೂ ಅದು ಹಾಗೆ ಕಾಣಲಿಲ್ಲ.

ಇನ್ನೊಂದು ವಿಷಯದಲ್ಲಿ ಬರ್ನಾರ್ಡ್ ಅವರ ಲೆಕ್ಕ ಪೂರ್ತಿ ಸರಿಯಾಗಿರಲಿಲ್ಲ. ವಿಷವಸ್ತುಗಳ ಬಗ್ಗೆ ಪ್ರಾಣಿಗಳಲ್ಲಿ ಕಂಡದ್ದು ಮನುಷ್ಯರಿಗೂ ನಿಶ್ಚಿತವಾಗಿ ಅನ್ವಯಿಸುತ್ತದೆ ಎಂದು ಅವರು ನಂಬಿದ್ದರು. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಜ್ವರಕ್ಕೆಂದು ಎಲ್ಲರೂ ಕೇಳಿ ಪಡೆಯುವ ಡೋಲೊ ಮಾತ್ರೆಯನ್ನೇ ನೋಡಿ. ಅದರಲ್ಲಿರುವ ಪ್ಯಾರಾಸಿಟಮಾಲ್ ಅನ್ನು ನಮ್ಮ ಲಿವರ್ ಗ್ಲುಕುರೊನಿಕ್ ಆಮ್ಲ ಅಥವಾ ಸಲ್ಫೇಟ್‌ಗೆ ಜೋಡಿಸಿ, ನೀರಿನಲ್ಲಿ ಕರಗುವಂತೆ ಮಾಡಿ ಮೂತ್ರಕ್ಕೆ ಸಾಗಹಾಕುತ್ತದೆ. ಸಣ್ಣ ಪಾಲು ಮಾತ್ರ ವಿಷಕಾರಿ ರೂಪಕ್ಕೆ ತಿರುಗುತ್ತದೆ, ಅದನ್ನು ಗ್ಲುಟಾಥಯೋನ್ ಎಂಬ ವಸ್ತು ಅಲ್ಲೇ ಹಿಡಿದು ತಟಸ್ಥಗೊಳಿಸುತ್ತದೆ. ಬೆಕ್ಕಿನ ಲಿವರ್‌ಗೆ ಆ ಮೊದಲ ಜೋಡಣೆ ಸರಿಯಾಗಿ ಬರುವುದಿಲ್ಲ. ನಮಗೆ ಜ್ವರ ಇಳಿಸುವ ಮಾತ್ರೆಯ ಅರ್ಧ ಚೂರು ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಪ್ಯಾರಾಸಿಟಮಾಲ್ ಅನ್ನು ಬೆಕ್ಕಿನ ಮೇಲಷ್ಟೇ ಪರೀಕ್ಷಿಸಿದ್ದರೆ ಅದು ಅಂಗಡಿಗೇ ಬರುತ್ತಿರಲಿಲ್ಲ. ಉಲ್ಟಾ ಕಥೆಗಳು ಇನ್ನೂ ಭಯಂಕರ: ಪ್ರಾಣಿಗಳಲ್ಲಿ ಏನೂ ಆಗದೆ, ಮನುಷ್ಯರ ಲಿವರ್ ಕೆಡಿಸಿ, ಮಾರುಕಟ್ಟೆಯಿಂದ ವಾಪಸಾದ ಔಷಧಗಳು.

ಮನುಷ್ಯನ ಕೋಶ ಇಟ್ಟುಕೊಂಡ ಚಿಪ್ ಬೇಕಾದದ್ದು ಇದಕ್ಕೇ. 2010ರಲ್ಲಿ ಅಮೆರಿಕದ ವೀಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಡೊನಾಲ್ಡ್ ಇಂಗ್ಬರ್ ಮತ್ತು ಸಂಗಡಿಗರು ಉಸಿರಾಡುವ ಶ್ವಾಸಕೋಶದ ಚಿಪ್ ತೋರಿಸಿದ ಮೇಲೆ ಈ ಕ್ಷೇತ್ರಕ್ಕೆ ವೇಗ ಬಂತು. 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 870 ಲಿವರ್ ಚಿಪ್‌ಗಳ ಮೇಲೆ 27 ಔಷಧಗಳನ್ನು ಪರೀಕ್ಷಿಸಿದರು. ಮನುಷ್ಯರ ಲಿವರ್‌ಗೆ ಹಾನಿಕರ ಎಂದು ಅನುಭವದಿಂದ ಗೊತ್ತಾಗಿದ್ದವುಗಳಲ್ಲಿ ಶೇ 87ರಷ್ಟನ್ನು ಚಿಪ್ ಹಿಡಿಯಿತು, ನಿರಪರಾಧಿ ಔಷಧ ಯಾವುದರ ಮೇಲೂ ತಪ್ಪು ಹೊರಿಸಲಿಲ್ಲ. ಅಧ್ಯಯನ ಮಾಡಿದ್ದು ಆ ಚಿಪ್ ಮಾರುವ ಕಂಪನಿಯೇ ಎಂಬುದನ್ನೂ ಸೇರಿಸಿಯೇ ಇದನ್ನು ಓದಬೇಕು. ಚಿಪ್‌ನ ಸಿಲಿಕೋನ್ ಕೆಲವು ಔಷಧಗಳನ್ನು ತಾನೇ ಹೀರಿಕೊಂಡು ಲೆಕ್ಕ ತಪ್ಪಿಸುತ್ತದೆ ಎಂಬ ದೂರು ಇನ್ನೂ ಇದೆ. ಒಂದು ಅಂಗದ ಚಿಪ್ ಇಡೀ ದೇಹವೂ ಅಲ್ಲ. ಪ್ರಾಣಿ ಪ್ರಯೋಗ ನಾಳೆಯೇ ನಿಲ್ಲುತ್ತದೆ ಎನ್ನುವವರನ್ನು ನಂಬಬೇಡಿ.

ಆದರೂ ಬಾಗಿಲು ತೆರೆದಿದೆ. ಹೊಸ ಔಷಧಕ್ಕೆ ಪ್ರಾಣಿ ಪರೀಕ್ಷೆ ಕಡ್ಡಾಯ ಎಂಬ ಹಳೆಯ ನಿಯಮವನ್ನು ಅಮೆರಿಕ 2022ರ ಡಿಸೆಂಬರ್‌ನಲ್ಲಿ ಸಡಿಲಿಸಿತು. 2023ರ ಮಾರ್ಚ್‌ನಲ್ಲಿ ನಮ್ಮ ಕೇಂದ್ರ ಸರ್ಕಾರವೂ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಿಗೆ ತಿದ್ದುಪಡಿ ತಂದು, ಆರ್ಗನ್ ಚಿಪ್ ಸೇರಿದಂತೆ ಮಾನವ ಕೋಶ ಆಧಾರಿತ ವಿಧಾನಗಳಿಗೆ ಜಾಗ ಕೊಟ್ಟಿತು. ಅದಕ್ಕೂ ಮುಂಚೆ, 2015ರಲ್ಲಿ, ಐಐಎಸ್‌ಸಿಯಲ್ಲಿ ಓದಿದವರು ಕಟ್ಟಿದ ಬೆಂಗಳೂರಿನ ಪ್ಯಾಂಡೋರಮ್ ಟೆಕ್ನಾಲಜೀಸ್ ಎಂಬ ಸಣ್ಣ ಕಂಪನಿ 3ಡಿ ಪ್ರಿಂಟಿಂಗ್ ಮೂಲಕ ಲಿವರ್ ಅಂಗಾಂಶ ತಯಾರಿಸಿದ್ದಾಗಿ ಘೋಷಿಸಿತ್ತು. ಉದ್ದೇಶಗಳಲ್ಲಿ ಒಂದು, ಔಷಧ ಪರೀಕ್ಷೆಯೇ. ಫಾರ್ಮಸಿ ಓದಿದವರಿಗೆ ಮೆಡಿಕಲ್ ಶಾಪ್, ಮೆಡಿಕಲ್ ರೆಪ್, ಪೀಣ್ಯದ ಯಾವುದಾದರೂ ಫ್ಯಾಕ್ಟರಿ ಬಿಟ್ಟರೆ ಬೇರೇನಿದೆ ಎಂದು ಕೇಳುವವರು ಈ ಕಡೆ ಒಮ್ಮೆ ನೋಡಬಹುದು. ಕೋಶ ಬೆಳೆಸಲು ಬರಬೇಕು, ಅತಿಸಣ್ಣ ಕಾಲುವೆಗಳಲ್ಲಿ ದ್ರವದ ನಡವಳಿಕೆ ತಿಳಿದಿರಬೇಕು, ಮಾಸ್ ಸ್ಪೆಕ್ಟ್ರೋಮೀಟರ್ ಮುಂದೆ ತಾಳ್ಮೆಯಿಂದ ಕೂರಬೇಕು. ಕಾಲೇಜುಗಳಲ್ಲಂತೂ ಬದಲಾವಣೆ ಆಗಲೇ ಆಗಿದೆ. ಬಿ.ಫಾರ್ಮ್ ಫಾರ್ಮಕಾಲಜಿ ಪ್ರಾಕ್ಟಿಕಲ್‌ನಲ್ಲಿ ಈಗ ಪ್ರಾಣಿ ಪ್ರಯೋಗಗಳೆಲ್ಲ ಸಾಫ್ಟ್‌ವೇರ್ ಮತ್ತು ವಿಡಿಯೊಗಳಲ್ಲಿ. ನಮ್ಮ ಕಪ್ಪೆ ಮೌಸ್ ಕ್ಲಿಕ್ಕಿಗೆ ಒದೆಯುತ್ತದೆ.

ಮತ್ತೆ ಬರ್ನಾರ್ಡ್ ಅವರ ಕಡೆಗೆ. 1855ರಲ್ಲಿ ಮಜೆಂಡಿ ತೀರಿಕೊಂಡಾಗ, ಒಂದು ಕಾಲಕ್ಕೆ ಬೋಧಕ ಪರೀಕ್ಷೆಯಲ್ಲಿ ಫೇಲಾಗಿದ್ದ ಸಹಾಯಕ ಅದೇ ಪೀಠಕ್ಕೆ ಬಂದು ಕೂತರು. ಗೌರವಗಳೆಲ್ಲ ಬಂದವು. ಚಕ್ರವರ್ತಿ ಮೂರನೇ ನೆಪೋಲಿಯನ್ ಅವರ ಮಾತಿಗೆ ಮರುಳಾಗಿ ಪ್ರಯೋಗಾಲಯಗಳಿಗೆ ನೆರವು ಕೊಡಿಸಿದರು, 1869ರಲ್ಲಿ ಸೆನೆಟರ್ ಕೂಡ ಮಾಡಿದರು. ಆದರೆ ಗಾಳಿ ಬೆಳಕಿಲ್ಲದ, ತೇವ ತುಂಬಿದ ನೆಲಮಾಳಿಗೆಯಲ್ಲಿ ಕಳೆದ ವರ್ಷಗಳು ಆರೋಗ್ಯವನ್ನು ತಿಂದಿದ್ದವು. 1860ರ ನಂತರ ಮತ್ತೆ ಮತ್ತೆ ಹಾಸಿಗೆ ಹಿಡಿದು, ಸುಧಾರಿಸಿಕೊಳ್ಳಲು ಸೇಂಟ್ ಜೂಲಿಯನ್‌ಗೆ ಹೋಗಬೇಕಾಯಿತು. ಪ್ರಯೋಗ ಮಾಡಲಾಗದೆ ಕೂತಾಗ, ಪ್ರಯೋಗ ಹೇಗೆ ಮಾಡಬೇಕು ಎಂದು ಬರೆದರು. ಪ್ರಾಯೋಗಿಕ ವೈದ್ಯಶಾಸ್ತ್ರಕ್ಕೆ ಪ್ರವೇಶಿಕೆಯಾದ ಆ ಪುಸ್ತಕ 1865ರಲ್ಲಿ ಹೊರಬಂತು. ಊಹೆಗೆ ಅಂಟಿಕೊಳ್ಳದೆ ಪ್ರಯೋಗ ಹೇಳಿದ್ದನ್ನು ಒಪ್ಪಿಕೊಳ್ಳುವ ಬಗೆ, ಅಂಗಡಿಯ ಥೀರಿಯಾಕ್ ಡಬ್ಬ ಕಲಿಸಿದ ಅನುಮಾನ, ಮರುದಿನಕ್ಕೆ ಬಿಟ್ಟ ಅಳತೆಯ ಪಾಠ ಎಲ್ಲದರ ಸಾರ ಅದರಲ್ಲಿದೆ. ನಾಟಕಕಾರನಾಗಲು ಹೊರಟಿದ್ದವರ ಗದ್ಯ ಎಷ್ಟು ಚೆನ್ನಾಗಿತ್ತೆಂದರೆ, ಅವರಿಗೆ ಫ್ರೆಂಚ್ ಅಕಾಡೆಮಿಯಲ್ಲಿ ಸಾಹಿತಿಗಳ ನಡುವೆ ಆಸನ ಸಿಕ್ಕಿತು.

1878ರ ಫೆಬ್ರುವರಿ 10ರಂದು ಪ್ಯಾರಿಸ್‌ನಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡರು. ವಿಜ್ಞಾನಿಯೊಬ್ಬರಿಗೆ ಫ್ರಾನ್ಸ್ ಸರ್ಕಾರಿ ಗೌರವದೊಂದಿಗೆ ಅಂತ್ಯಸಂಸ್ಕಾರ ನಡೆಸಿದ್ದು ಅದೇ ಮೊದಲು. ಒಂಬತ್ತು ವರ್ಷಗಳ ನಂತರ, 1887ರಲ್ಲಿ, ಅವರು ಬಗಲಲ್ಲಿಟ್ಟುಕೊಂಡು ಪ್ಯಾರಿಸ್‌ಗೆ ಬಂದಿದ್ದ ಆ ಐದು ಅಂಕದ ನಾಟಕ ಅಚ್ಚಾಯಿತು. ಈಗ ಅವರ ಹಳ್ಳಿಯ ಮನೆ ಮ್ಯೂಸಿಯಂ ಆಗಿದೆ. ಸುತ್ತಲೂ ಅದೇ ದ್ರಾಕ್ಷಿ ತೋಟ. ಪ್ರಯೋಗಾಲಯ ಎಷ್ಟೇ ಎಳೆದರೂ, ಸುಗ್ಗಿಯ ತಿಂಗಳಲ್ಲಿ ಅಲ್ಲಿಗೆ ಹೋಗಿ ದ್ರಾಕ್ಷಿ ಕೊಯ್ಲು ನೋಡುವುದನ್ನು ಅವರು ಬಿಟ್ಟಿರಲಿಲ್ಲ.